ಏರಿದ್ದಕ್ಕೆ ಬಹುಮಾನ, ಇಳಿದದ್ದಕ್ಕೆ?

ಬೆಣ್ಣೆ ಕದಿಯಲು ಕೃಷ್ಣ ಗೆಳೆಯರ ಹೆಗಲೇರಿದ ಎಂದೇ ನಮ್ಮ ಕ್ಯಾಲೆಂಡರ್ ಚಿತ್ರಗಳು ಕಲಿಸಿವೆ. ಕೆಳಗೆ ನಾಲ್ಕು ಗೋವಳ ಹುಡುಗರು, ಅವರ ಮೇಲೆ ಇಬ್ಬರು, ತುದಿಯಲ್ಲಿ ನೆಲುವಿಗೆ ಕೈಹಾಕಿದ ಮುದ್ದು ಕಳ್ಳ. ಭಾಗವತ ತೆರೆದರೆ ಕಥೆ ಸ್ವಲ್ಪ ಬೇರೆ. ದಶಮ ಸ್ಕಂಧದ ಎಂಟನೆಯ ಅಧ್ಯಾಯದಲ್ಲಿ ಗೋಪಿಯರು ದೂರು ಹೊತ್ತು ಯಶೋದೆಯ ಮನೆಗೆ ಬರುತ್ತಾರೆ. ಕೈಗೆ ಎಟುಕದಂತೆ ಗಡಿಗೆ ತೂಗುಹಾಕಿದರೆ ಈ ಹುಡುಗ ಮಣೆ, ಒರಳು ಪೇರಿಸಿಕೊಂಡು ಹತ್ತುತ್ತಾನೆ, ಗಡಿಗೆಗೆ ತೂತು ಕೊರೆಯುತ್ತಾನೆ ಎಂಬುದು ಅವರ ಗೋಳು. ಮಣೆ, ಒರಳು, ತೂತು. ಹೆಗಲಿನ ಮಾತೇ ಅಲ್ಲಿಲ್ಲ.

ಹೆಗಲನ್ನು ಸೇರಿಸಿದ್ದು ಜನ. ಹಾಗೆ ಸೇರಿಸಿದ ಹೆಗಲುಗಳೇ ಮುಂಬೈ, ಠಾಣೆಯ ಬೀದಿಗಳಲ್ಲಿ, ಮೊಸರಿನ ಗಡಿಗೆ ಒಡೆಯುವ ದಹಿಹಂಡಿ ಹಬ್ಬದಲ್ಲಿ, ಈಗ ಹತ್ತು ಅಂತಸ್ತಿನವರೆಗೆ ಬೆಳೆದು ನಿಂತಿವೆ. ಅದಕ್ಕೆ ಲಕ್ಷಗಟ್ಟಲೆ ಬಹುಮಾನ ಬಂತು, ನ್ಯಾಯಾಲಯದ ಆದೇಶ ಬಂತು, ವಿಮೆ ಬಂತು, ಸರ್ಕಾರಿ ನೌಕರಿಯ ಮೀಸಲಾತಿಯ ಮಾತೂ ಬಂತು. ಹಬ್ಬದ ಮರುದಿನದ ಪತ್ರಿಕೆಯಲ್ಲಿ ಎಷ್ಟು ಅಡಿ ಏರಿದರು ಎಂಬುದು ಮುಖಪುಟಕ್ಕೆ ಬರುತ್ತದೆ, ಎಷ್ಟು ಜನ ಆಸ್ಪತ್ರೆ ಸೇರಿದರು ಎಂಬುದು ಒಳಪುಟಕ್ಕೆ ಹೋಗುತ್ತದೆ. ದಹಿಹಂಡಿಯ ಸೊಗಸನ್ನೂ ಅದರ ರೋಗವನ್ನೂ ಒಟ್ಟಿಗೇ ನೋಡಬೇಕಾದರೆ ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಮೊದಲು ಹಬ್ಬದ ಬುಡಕ್ಕೆ ಹೋಗೋಣ. ಮಹಾರಾಷ್ಟ್ರದಲ್ಲಿ ಕೃಷ್ಣಾಷ್ಟಮಿಯ ಮರುದಿನಕ್ಕೆ ಗೋಪಾಳಕಾಲಾ ಎಂದು ಹೆಸರು. ಕಾಲಾ ಅಂದರೆ ಅವಲಕ್ಕಿ, ಮೊಸರು, ಉಪ್ಪಿನಕಾಯಿ, ಇದ್ದಬದ್ದದ್ದನ್ನೆಲ್ಲ ಸೇರಿಸಿ ಕಲಸಿದ ತಿನಿಸು. ದನ ಕಾಯಲು ಹೋದ ಹುಡುಗರು ತಂತಮ್ಮ ಬುತ್ತಿ ಬಿಚ್ಚಿ, ಯಾರದು ಯಾವುದು ಎಂದು ನೋಡದೆ ಒಂದೇ ಕಡೆ ಕಲಸಿ ತಿಂದರಂತೆ. ಅದರ ನೆನಪಿಗೆ ಈ ಪ್ರಸಾದ. ವಿಠ್ಠಲ ಭಕ್ತರಾದ ವಾರಕರಿಗಳ ಸಪ್ತಾಹ ಮುಗಿಯುವುದೇ ಕಾಲಾದ ಕೀರ್ತನೆಯಿಂದ. ಕೀರ್ತನೆ ಮುಗಿಯುವ ಹೊತ್ತಿಗೆ ಗುಡಿಯಲ್ಲಿ ಕಟ್ಟಿದ ಮೊಸರಿನ ಗಡಿಗೆ ಒಡೆದು ಕಾಲಾ ಹಂಚುತ್ತಾರೆ. ಪಂಢರಪುರದ ಆಷಾಢದ ಯಾತ್ರೆಯಾದ ವಾರಿಯೂ ಹುಣ್ಣಿಮೆಯಂದು ಪಕ್ಕದ ಗೋಪಾಳಪುರದಲ್ಲಿ ಕಾಲಾ ತಿಂದ ಮೇಲೆಯೇ ಮುಗಿಯುವುದು. ಅಂದರೆ ಹಂಡಿ ಒಡೆಯುವುದು ಊಟ ಹಂಚುವ ವಿಧಿಯ ಒಂದು ಭಾಗ. ಎತ್ತರ ಅದರಲ್ಲಿ ಮುಖ್ಯವೇ ಆಗಿರಲಿಲ್ಲ.

ಎತ್ತರ ಬಂದದ್ದು ಮುಂಬೈಯ ಗಿರಣಗಾಂವಿನಿಂದ ಎಂದರೆ ತಪ್ಪಾಗದು. ಲಾಲಬಾಗ್, ಪರೇಲ್, ವರಳಿ, ಮಾಜಗಾಂವ್. ಬಟ್ಟೆ ಗಿರಣಿಗಳ ಸುತ್ತ ಹಬ್ಬಿದ ಚಾಳ್‌ಗಳು, ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಬಂದು ಹತ್ತಡಿ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದ ಕಾರ್ಮಿಕರು. ಎದುರುಬದುರು ಚಾಳ್‌ಗಳ ನಡುವೆ ಹಗ್ಗ ಎಳೆದು ಗಡಿಗೆ ಕಟ್ಟುವುದು, ಅದಕ್ಕೆ ಹೂವಿನ ಹಾರ, ಒಂದಿಷ್ಟು ನೋಟು ಸಿಕ್ಕಿಸುವುದು, ಓಣಿಯ ಹುಡುಗರು ಹತ್ತುವಾಗ ಗ್ಯಾಲರಿಯಿಂದ ಹೆಂಗಸರು ಕೊಡಗಟ್ಟಲೆ ನೀರು ಸುರಿಯುವುದು. ಶ್ರಾವಣದ ಮಳೆ ಇದ್ದೇ ಇರುತ್ತದೆ, ಆದರೂ ಮೇಲಿನಿಂದ ನೀರು ಬೀಳದಿದ್ದರೆ ಹುಡುಗರಿಗೆ ಸಮಾಧಾನವಿಲ್ಲ. 1963ರ 'ಬ್ಲಫ್ ಮಾಸ್ಟರ್' ಸಿನಿಮಾದಲ್ಲಿ ಶಮ್ಮಿ ಕಪೂರ್ ಬೀದಿಯಲ್ಲಿ ಕುಣಿದ ಗೋವಿಂದನ ಹಾಡು ಈ ಚಾಳ್ ಹಬ್ಬವನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿತು. ರಫಿ ದನಿಯ ಆ ಹಾಡಿಲ್ಲದೆ ಇಂದಿಗೂ ಅಲ್ಲಿ ಹಂಡಿ ಒಡೆಯುವುದಿಲ್ಲ.

1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಆ ಲೋಕವನ್ನು ಮುರಿದುಹಾಕಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವುಗಳ ಜಾಗದಲ್ಲಿ ಮಾಲ್‌ಗಳೂ ಗಾಜಿನ ಕಚೇರಿಗಳೂ ಎದ್ದವು. ಕಾರ್ಮಿಕ ಸಂಘ ಹೋಯಿತು, ಹಂಡಿ ಒಡೆಯುವ ಗೋವಿಂದರ ತಂಡ, ಅಂದರೆ ಗೋವಿಂದಾ ಪಥಕ, ಉಳಿಯಿತು. ದೂರದ ಉಪನಗರಕ್ಕೆ ಎದ್ದುಹೋದ ಮನೆಯ ಹುಡುಗ ಹಳೆಯ ಚಾಳಿನ ಪಥಕದಲ್ಲೇ ತನ್ನ ಜಾಗ ಉಳಿಸಿಕೊಂಡು, ಲೋಕಲ್ ರೈಲು ಹಿಡಿದು ರಾತ್ರಿ ತಾಲೀಮಿಗೆ ಬರುತ್ತಾನೆ. ಸಾಹಸ, ಭಕ್ತಿ ಎಂದು ನಾವು ಏನೇ ಹೆಸರಿಟ್ಟರೂ, ಕೆಲಸದ ಜಾಗದಲ್ಲಿ ಯಾರಿಗೂ ಬೇಡವಾದ ಹುಡುಗರಿಗೆ ಇಲ್ಲಿ ಒಂದು ನಿರ್ದಿಷ್ಟ ಸ್ಥಾನವಿದೆ. ಅವರಲ್ಲೊಬ್ಬನಿಲ್ಲದಿದ್ದರೂ ಅಲ್ಲೊಂದು ತೂತು ಬೀಳುತ್ತದೆ. ನಗರ ಅವರಿಗೆ ಕೊಡದ ಮರ್ಯಾದೆ ಅದು.

ಆಟ ನಡೆಯುವ ರೀತಿ ನೋಡಿ. ತಂಡಕ್ಕೆ ಪಥಕ ಎನ್ನುತ್ತಾರೆ, ಅಂತಸ್ತಿಗೆ ಥರ. ತುದಿಯಲ್ಲಿ ಒಂಟಿಯಾಗಿ ನಿಲ್ಲುವ ಮಗು ಎಕ್ಕಾ. ತಾಲೀಮಿಗೆ ಗುರುಪೂರ್ಣಿಮೆಯಂದು ತೆಂಗಿನಕಾಯಿ ಒಡೆಯುವುದು ವಾಡಿಕೆ. ಅಲ್ಲಿಂದ ಅಷ್ಟಮಿಯವರೆಗೆ, ಕೆಲಸ ಮುಗಿಸಿ ಬಂದವರು ರಾತ್ರಿ ಒಂಬತ್ತರ ಮೇಲೆ ಮೈದಾನದಲ್ಲೋ ರಸ್ತೆಯಲ್ಲೋ ಸೇರುತ್ತಾರೆ. ತಳದವರು ಗಟ್ಟಿಗರು. ಅವರ ಸುತ್ತ ಹತ್ತಾರು, ದೊಡ್ಡ ಪಥಕವಾದರೆ ನೂರಾರು ಜನ ಒಬ್ಬರ ಬೆನ್ನಿಗೆ ಒಬ್ಬರು ಒತ್ತಿ ನಿಂತು ಬುಡ ಬಿಗಿಯುತ್ತಾರೆ. ಮೇಲೇರಿದ ಪ್ರತಿ ಥರವೂ ಒಳಮುಖವಾಗಿ, ತೋಳಿಗೆ ತೋಳು ಹೆಣೆದು ನಿಲ್ಲುತ್ತದೆ. ಮೇಲಿನ ಥರದವರು ಹತ್ತಿದ ತಕ್ಷಣ ಎದ್ದು ನಿಲ್ಲುವುದಿಲ್ಲ, ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಅವರ ಮೇಲೆ ಇನ್ನೊಂದು ಥರ ಕೂರುತ್ತದೆ. ಎಕ್ಕಾ ತುದಿ ತಲುಪಿದ ಮೇಲೆ ಕೆಳಗಿನಿಂದ ಒಂದೊಂದೇ ಥರ ಎದ್ದು ನಿಲ್ಲುತ್ತ ಬರುತ್ತದೆ. ಕೊನೆಗೆ ಆ ಮಗು ಎದ್ದು ಕೈಯೆತ್ತಿ ಸಲಾಮಿ ಕೊಡುತ್ತದೆ. ಎಂಟು ಥರದ ಸಲಾಮಿ, ಒಂಬತ್ತು ಥರದ ಸಲಾಮಿ ಎಂದು ಲೆಕ್ಕ. ಹಂಡಿ ಒಡೆಯದೆ ಸಲಾಮಿ ಕೊಟ್ಟು ಇಳಿದು, ಲಾರಿ ಹತ್ತಿ ಮುಂದಿನ ಬಡಾವಣೆಗೆ ಹೋಗುವ ಪಥಕಗಳೇ ಹೆಚ್ಚು. ಹಂಡಿಯೊಡೆಯುವ ಗೌರವ ಒಂದೇ ತಂಡಕ್ಕೆ ಸಿಗುವುದು.

ಈ ಗೋಪುರದ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. 2012ರ ಆಗಸ್ಟ್‌ನಲ್ಲಿ ಜೋಗೇಶ್ವರಿಯ ಜೈ ಜವಾನ್ ಪಥಕ ಠಾಣೆಯಲ್ಲಿ ಒಂಬತ್ತು ಥರ ಕಟ್ಟಿ 43.79 ಅಡಿ ಮುಟ್ಟಿತು. ಗಿನ್ನೆಸ್ ಪುಸ್ತಕದಲ್ಲಿ 1981ರಿಂದ ಸ್ಪೇನಿನವರ ಹೆಸರಲ್ಲಿದ್ದ ದಾಖಲೆ ಅಲ್ಲಿಗೆ ಮುರಿಯಿತು. ಭಾಗಿಸಿದರೆ ಒಂದು ಥರಕ್ಕೆ ಐದಡಿಗೂ ಕಡಿಮೆ, ಅಂದರೆ ಹೆಗಲಿನ ಎತ್ತರ. ಒಬ್ಬನ ಹೆಗಲ ಮೇಲೆ ನೇರವಾಗಿ ಮೂವರ ಭಾರ ಇಳಿಯಿತೆಂದರೂ, ತಲಾ 55 ಕಿಲೋದಂತೆ 165 ಕಿಲೋ. ಮೂರು ಚೀಲ ಸಿಮೆಂಟಿಗಿಂತ ಹೆಚ್ಚು, ಅದೂ ಅಲುಗಾಡುವ ಸಿಮೆಂಟು. ತುದಿಯ ಮಗುವಿನ ಕಾಲು ನೆಲದಿಂದ ಸುಮಾರು 12 ಮೀಟರ್ ಮೇಲಿರುತ್ತದೆ. ಅಲ್ಲಿಂದ ಯಾರೂ ತಡೆಯದೆ ಬಿದ್ದರೆ ಒಂದೂವರೆ ಸೆಕೆಂಡಿನಲ್ಲಿ ನೆಲ, ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ. ವಾಸ್ತವದಲ್ಲಿ ಕೆಳಗಿನವರ ಮೈಯೇ ಬೀಳುವವರಿಗೆ ಹಾಸಿಗೆಯಾಗುತ್ತದೆ. ಬಿದ್ದವರು ಬದುಕುತ್ತಾರೆ, ಹಾಸಿಗೆಯಾದವರ ಕುತ್ತಿಗೆ, ಬೆನ್ನುಹುರಿ, ಮೊಣಕಾಲು ಬೆಲೆ ತೆರುತ್ತವೆ.

ಗೋಪುರ ಏರುವಾಗ ಎಲ್ಲರ ಗಮನವೂ ಒಂದೇ ಕಡೆ ಇರುತ್ತದೆ. ಪ್ರಶಿಕ್ಷಕ ಕೆಳಗಿನಿಂದ ಕೂಗಿ ಹೇಳುತ್ತಿರುತ್ತಾನೆ, ಉಸಿರು ಕೂಡ ಅವನ ಮಾತಿನ ಮೇಲೆ ನಡೆಯುತ್ತದೆ. ಸಲಾಮಿಯಾದ ಕ್ಷಣದಲ್ಲಿ ಡಿಜೆ ಸದ್ದು, ಸಿಳ್ಳೆ, ಮೇಲಿನಿಂದ ನೀರು. ತಳದವರ ತೊಡೆ ಅಷ್ಟು ಹೊತ್ತಿಗೆ ನಡುಗುತ್ತಿರುತ್ತದೆ. ಕೆಲಸ ಮುಗಿಯಿತು ಎಂದು ಮನಸ್ಸು ಸಡಿಲವಾಗುತ್ತದೆ. ಹಂಡಿ ಒಡೆದರಂತೂ ಗೋಪುರ ಕುಸಿದು ಬೀಳುವುದೇ ಸಂಭ್ರಮದ ಭಾಗ ಎಂಬಂತೆ ಜನ ಕೇಕೆ ಹಾಕುತ್ತಾರೆ. ಆಯೋಜಕರ ಬಹುಮಾನದ ಫಲಕದಲ್ಲಿ ಇಂತಿಷ್ಟು ಥರಕ್ಕೆ ಇಂತಿಷ್ಟು ಎಂದು ಬರೆದಿರುತ್ತದೆ. ದರಪಟ್ಟಿ ಇರುವುದು ಏರಿಕೆಗೆ. ಈ ಆಟದ ನಿಜವಾದ ವಿದ್ಯೆ ಇರುವುದು ಕಟ್ಟಿದ್ದನ್ನು ಬಿಚ್ಚುವುದರಲ್ಲಿ, ಆದರೆ ಅದನ್ನು ಕೇಳುವವರೇ ಇಲ್ಲ.

ಕೇಳುವವರು ಇರುವ ಊರೂ ಒಂದಿದೆ. ಸ್ಪೇನಿನ ಕತಲೋನಿಯಾ ಸೀಮೆಯಲ್ಲಿ ಕಾಸ್ಟೆಲ್ ಎಂಬ ಮಾನವ ಗೋಪುರಗಳನ್ನು ಇನ್ನೂರು ವರ್ಷಕ್ಕೂ ಹಿಂದಿನಿಂದ ಕಟ್ಟುತ್ತಾರೆ. ವಾಲ್ಸ್ ಎಂಬ ಸಣ್ಣ ಪಟ್ಟಣ ಅದರ ತವರು. ನಮ್ಮ ಎಕ್ಕಾ ಇದ್ದಂತೆ ಅಲ್ಲಿ ಎನ್‌ಶನೆಟಾ ಎಂಬ ಪುಟ್ಟ ಮಗು ತುದಿಗೇರಿ ಕೈ ಎತ್ತುತ್ತದೆ. ಬುಡದಲ್ಲಿ ನೂರಾರು ಜನರ ದಟ್ಟ ವರ್ತುಲ. ಸೊಂಟಕ್ಕೆ ಬಿಗಿದ ಉದ್ದನೆಯ ಪಟ್ಟಿ ಬೆನ್ನಿಗೂ ಆಸರೆ, ಹತ್ತುವವರ ಕಾಲಿಗೂ ಮೆಟ್ಟಿಲು. ಹೋಲಿಕೆ ಇಷ್ಟಕ್ಕೇ ನಿಂತರೆ ಹೇಳುವಂಥದ್ದೇನಿಲ್ಲ. ತಾರಗೋನಾ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯ ಅಂಕಪದ್ಧತಿ ನೋಡಬೇಕು. ಅಲ್ಲಿ ಪ್ರತಿ ಗೋಪುರಕ್ಕೂ ಎರಡು ಬೆಲೆ. ಮಗು ತುದಿಯಲ್ಲಿ ಕೈ ಎತ್ತಿದ ಮೇಲೆ ಗೋಪುರ ಕುಸಿದರೆ ಕಡಿಮೆ ಅಂಕ. ಕೊನೆಯ ಮನುಷ್ಯನವರೆಗೂ ಕ್ರಮವಾಗಿ ಇಳಿದರೆ ಹೆಚ್ಚು ಅಂಕ. ಹೀಗಾಗಿ ಇಳಿಯಲಾರದ ಎತ್ತರಕ್ಕೆ ಕೈಹಾಕುವ ಮುನ್ನ ತಂಡ ಎರಡು ಸಲ ಯೋಚಿಸುತ್ತದೆ. 2006ರಲ್ಲಿ ಮತಾರೋ ಎಂಬಲ್ಲಿ ಒಂದು ಮಗು ಬಿದ್ದು ಸತ್ತಾಗ ಆ ನಾಡು ತಲ್ಲಣಿಸಿತು. ಆಮೇಲೆ ಮೇಲೇರುವ ಮಕ್ಕಳ ತಲೆಗೆ ಹೆಲ್ಮೆಟ್ ಬಂತು. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೂ ಬೀಳುತ್ತಾರೆ, ಏಟಾಗುತ್ತದೆ. ಆದರೆ ಬಿದ್ದದ್ದನ್ನು ತಂಡದ ಸೋಲೆಂದು ಎಣಿಸುತ್ತಾರೆ.

ಇನ್ನೊಂದು ಮಾತು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ. 2025ರ ಹಬ್ಬದಲ್ಲಿ ಠಾಣೆಯಲ್ಲಿ ಕೊಂಕಣ ನಗರ ಪಥಕ ಹತ್ತು ಥರ ಕಟ್ಟಿದಾಗ ವಿಶ್ವದಾಖಲೆ ಎಂಬ ಘೋಷಣೆ ಮೊಳಗಿತು. ಅದೇ ದಿನ ಜೈ ಜವಾನ್ ಕೂಡ ಹತ್ತು ಮುಟ್ಟಿತು. ಸಾಧನೆ ದೊಡ್ಡದೇ, ಸಂದೇಹವಿಲ್ಲ. ಆದರೆ ಕತಲೋನಿಯಾದ ತಂಡವೊಂದು 1998ರಲ್ಲೇ ಹತ್ತು ಅಂತಸ್ತು ಕಟ್ಟಿ ಸುರಕ್ಷಿತವಾಗಿ ಇಳಿಸಿದೆ. ಜಗತ್ತಿನಲ್ಲಿ ನಾವೇ ಮೊದಲು ಎಂದು ಕುಣಿಯುವ ಮುನ್ನ ಅತ್ತ ಒಮ್ಮೆ ಕಣ್ಣು ಹಾಯಿಸಿದರೆ ನಷ್ಟವೇನಿಲ್ಲ.

ಮುಂಬೈಗೆ ಮರಳೋಣ. ಚಾಳಿನ ಹಂಡಿಯನ್ನು ಕ್ರೇನಿನ ಹಂಡಿಯಾಗಿಸಿದ್ದು ರಾಜಕಾರಣ. ಠಾಣೆಯ ಟೆಂಭಿ ನಾಕಾದಲ್ಲಿ ಶಿವಸೇನೆಯ ಆನಂದ ದಿಘೆ ಕಟ್ಟಿಸುತ್ತಿದ್ದ ಹಂಡಿ ಆ ಪಟ್ಟಣದ ಮಾನದ ಹಂಡಿ. ಅವರ ನಂತರದ ತಲೆಮಾರಿನ ನಾಯಕರಿಗೆ ಒಂದು ಹಂಡಿ, ಒಂದು ಪ್ರತಿಷ್ಠಾನ, ಒಂದು ದೊಡ್ಡ ವೇದಿಕೆ ಇಲ್ಲದಿದ್ದರೆ ನಾಯಕತ್ವವೇ ಅಪೂರ್ಣ ಎಂಬಂತಾಯಿತು. ಠಾಣೆಯಲ್ಲಿ ಪ್ರತಾಪ ಸರನಾಯಕ್, ಘಾಟಕೋಪರದಲ್ಲಿ ರಾಮ ಕದಂ, ವರಳಿಯಲ್ಲಿ ಸಚಿನ್ ಅಹಿರ್. ಪಕ್ಷ ಬೇರೆ ಬೇರೆ, ಹಂಡಿ ಒಂದೇ. ಸಿನಿಮಾ ತಾರೆಯರು, ಟಿವಿ ನೇರಪ್ರಸಾರ, ಪ್ರಾಯೋಜಕರ ಫಲಕ. ನಾಯಕನ ಭಾವಚಿತ್ರವಿರುವ ಟಿ-ಶರ್ಟು ಮೈಮೇಲೆ ಹಾಕಿಕೊಂಡೇ ಹುಡುಗರು ಹೆಗಲು ಕೊಡಬೇಕು. ಬಹುಮಾನ ಸಾವಿರದಿಂದ ಲಕ್ಷಕ್ಕೆ, ಒಂದು ಲಕ್ಷದಿಂದ ಹಲವು ಲಕ್ಷಕ್ಕೆ ಏರಿತು. ಹಗ್ಗವೂ ಅದರ ಜೊತೆಗೇ ಏರಿತು. ಇಷ್ಟಾಗಿ, ಇನ್ನೂರು ಜನರ ಪಥಕಕ್ಕೆ ಲಾರಿ ಬಾಡಿಗೆ, ಊಟ, ಅಂಗಿ, ತಿಂಗಳಿಡೀ ತಾಲೀಮಿನ ಖರ್ಚು ಕಳೆದು ಉಳಿದದ್ದನ್ನು ಹಂಚಿದರೆ ಒಬ್ಬನ ಕೈಗೆ ಬರುವುದು ಅಷ್ಟಕ್ಕಷ್ಟೆ. ಅದು ಹುಡುಗರಿಗೂ ಗೊತ್ತು. ಅವರು ಹಣಕ್ಕಾಗಿ ಹತ್ತುವುದಿಲ್ಲ, ಆದರೆ ಹಗ್ಗವನ್ನು ಮೇಲೆ ಎಳೆಯುತ್ತಿರುವುದು ಹಣವೇ.

ನ್ಯಾಯಾಲಯ ಈ ಹಗ್ಗವನ್ನು ಕೆಳಗಿಳಿಸಲು ನೋಡಿತು. 2014ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಗೋಪುರ 20 ಅಡಿ ಮೀರಬಾರದು, 18 ವರ್ಷದೊಳಗಿನವರು ಹತ್ತಬಾರದು ಎಂದಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ವರ್ಷದ ಮಟ್ಟಿಗೆ ಎತ್ತರದ ಮಿತಿಗೆ ತಡೆ ನೀಡಿ, ವಯಸ್ಸನ್ನು 12ಕ್ಕೆ ಇಳಿಸಿತು. 2016ರಲ್ಲಿ ಅದೇ ಸುಪ್ರೀಂ ಕೋರ್ಟ್ ಮಿತಿ ಸಡಿಲಿಸಲು ಒಪ್ಪಲಿಲ್ಲ. ಕೃಷ್ಣ ಬೆಣ್ಣೆ ಕದ್ದದ್ದನ್ನು ಕೇಳಿದ್ದೇವೆ, ಕಸರತ್ತು ಮಾಡಿದ್ದನ್ನು ಕೇಳಿಲ್ಲ ಎಂಬರ್ಥದ ಮಾತೂ ನ್ಯಾಯಪೀಠದಿಂದ ಬಂತು. ಭಾಗವತದ ಮಣೆ, ಒರಳು ಬಲ್ಲವರಿಗೆ ಇದು ಹೊಸದೇನಲ್ಲ. ಬೀದಿ ಮಾತ್ರ ಬಗ್ಗಲಿಲ್ಲ. ಆ ವರ್ಷ ಠಾಣೆಯಲ್ಲಿ ಮಹಾರಾಷ್ಟ್ರ ನವನಿರ್ಮಾಣ ಸೇನೆಯವರು ಆದೇಶ ಮುರಿಯುವುದಾಗಿ ಮೊದಲೇ ಸಾರಿ ಒಂಬತ್ತು ಥರಕ್ಕೆ ಹಂಡಿ ಕಟ್ಟಿದರು. 2017ರ ಆಗಸ್ಟ್‌ನಲ್ಲಿ ಪ್ರಕರಣ ಮತ್ತೆ ಹೈಕೋರ್ಟಿಗೆ ಬಂದಾಗ, ಎತ್ತರ, ವಯಸ್ಸು ನಿಗದಿ ಮಾಡುವುದು ಶಾಸಕಾಂಗದ ಕೆಲಸ ಎಂದು ನ್ಯಾಯಾಲಯ ಕೈತೊಳೆದುಕೊಂಡಿತು. 14ರೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ ಎಂಬ ಸರ್ಕಾರದ ಭರವಸೆಯಷ್ಟೇ ಉಳಿಯಿತು.

ಅತ್ತ ಸರ್ಕಾರ ಹಬ್ಬಕ್ಕೆ ಸಾಹಸ ಕ್ರೀಡೆ ಎಂಬ ಪಟ್ಟ ಕಟ್ಟಿತು. ಒಮ್ಮೆ 2015ರಲ್ಲಿ, ಸಾಲದೆಂಬಂತೆ 2022ರ ಆಗಸ್ಟ್‌ನಲ್ಲಿ ಮತ್ತೊಮ್ಮೆ. ಎರಡನೆಯ ಸಲ ಮುಖ್ಯಮಂತ್ರಿ ಏಕನಾಥ ಶಿಂದೆ ವಿಧಾನಸಭೆಯಲ್ಲಿ ಘೋಷಿಸುತ್ತ, ಸತ್ತರೆ 10 ಲಕ್ಷ ರೂಪಾಯಿ ಪರಿಹಾರ, ಗಂಭೀರ ಅಂಗವೈಕಲ್ಯಕ್ಕೆ ಏಳೂವರೆ ಲಕ್ಷ, ಗೋವಿಂದರಿಗೆ ಕ್ರೀಡಾ ಕೋಟಾದಡಿ ನೌಕರಿಯಲ್ಲಿ ಶೇಕಡ 5 ಮೀಸಲು ಎಂದರು. ಸ್ಪರ್ಧಾತ್ಮಕ ಪರೀಕ್ಷೆಗೆ ಹಗಲುರಾತ್ರಿ ಓದುತ್ತಿದ್ದ ಹುಡುಗರು ಸಿಟ್ಟಾದದ್ದು ಸಹಜವೇ. 2023ರಲ್ಲಿ ಪ್ರೊ ಗೋವಿಂದಾ ಲೀಗ್ ವರಳಿಯ ಒಳಾಂಗಣ ಕ್ರೀಡಾಂಗಣದಲ್ಲಿ ಶುರುವಾಯಿತು. ಅದೇ ವರ್ಷ 50,000 ಗೋವಿಂದರ ವಿಮೆಗೆ ಸರ್ಕಾರ 37.5 ಲಕ್ಷ ರೂಪಾಯಿ ಕೊಟ್ಟಿತು. ತಲೆಗೆ 75 ರೂಪಾಯಿ.

ವಿಮೆ ಬೇಕು, ಬೇಡವೆಂದು ಯಾರೂ ಹೇಳಲಾರರು. ಆದರೆ ಕ್ರೀಡೆ ಎಂದು ಕರೆದ ಮೇಲೆ ಕ್ರೀಡೆಗಿರುವ ಕಟ್ಟುಪಾಡು ಬೇಡವೇ? ಕುಸ್ತಿಗೆ ಮ್ಯಾಟ್ ಇದೆ, ತೂಕದ ವರ್ಗವಿದೆ, ಆಟ ನಿಲ್ಲಿಸುವ ಅಧಿಕಾರವಿರುವ ರೆಫರಿ ಇದ್ದಾನೆ. ದಹಿಹಂಡಿಯಲ್ಲಿ ಡಾಂಬರು ರಸ್ತೆಯೇ ಮ್ಯಾಟು. ದೊಡ್ಡ ಆಯೋಜಕರ ಕಡೆ ತುದಿಯ ಮಗುವಿಗೆ ಹೆಲ್ಮೆಟ್, ಕ್ರೇನಿನಿಂದ ಇಳಿಬಿಟ್ಟ ಸುರಕ್ಷಾ ಹಗ್ಗ ಇರುವುದುಂಟು. ಓಣಿಯ ಹಂಡಿಗೆ ಅದಿಲ್ಲ. ಮುಂಬೈಯ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳು ಆ ದಿನಕ್ಕೆಂದೇ ಹಾಸಿಗೆ ಕಾದಿರಿಸುತ್ತವೆ. ಹಬ್ಬಕ್ಕೆ ಹಾಸಿಗೆ ಕಾದಿರಿಸುವುದು ಒಂದು ಮಹಾನಗರಕ್ಕೆ ರೂಢಿಯೇ ಆಗಿಹೋಗಿದೆ ಎಂಬುದು ವಿಚಿತ್ರವಲ್ಲವೇ? 2022ರಲ್ಲಿ ವಿಲೇ ಪಾರ್ಲೆಯಲ್ಲಿ ಬಿದ್ದ ಯುವಕನೊಬ್ಬ ಕೆಲವು ದಿನಗಳಲ್ಲಿ ತೀರಿಕೊಂಡ. 2025ರಲ್ಲಿ ಮುಂಬೈಯೊಂದರಲ್ಲೇ ಏಟು ತಿಂದವರು 300ಕ್ಕೂ ಹೆಚ್ಚು.

ಎಲ್ಲಕ್ಕಿಂತ ಹೆಚ್ಚಾಗಿ ಕಾಡಬೇಕಾದದ್ದು 2025ರ ಒಂದು ಸಾವು. ಹಬ್ಬಕ್ಕೆ ಕೆಲವೇ ದಿನ ಮುಂಚೆ, ದಹಿಸರದಲ್ಲಿ ತಾಲೀಮಿನ ಹೊತ್ತಿಗೆ ಬಿದ್ದು ಹನ್ನೊಂದು ವರ್ಷದ ಹುಡುಗ ಸತ್ತ. ಹದಿನಾಲ್ಕರೊಳಗಿನವರು ಹತ್ತುವುದಿಲ್ಲ ಎಂದು ಸರ್ಕಾರ ಹೈಕೋರ್ಟಿನ ಮುಂದೆ ಹೇಳಿ ಎಂಟು ವರ್ಷವಾಗಿತ್ತು. ಹಬ್ಬದ ದಿನವಾದರೋ ಪೊಲೀಸರು, ಕ್ಯಾಮೆರಾ, ಆಂಬುಲೆನ್ಸ್ ಎಲ್ಲ ಇರುತ್ತವೆ. ಗುರುಪೂರ್ಣಿಮೆಯಿಂದ ಅಷ್ಟಮಿಯವರೆಗಿನ ರಾತ್ರಿಗಳಲ್ಲಿ ಯಾರಿರುತ್ತಾರೆ? ಹೆಚ್ಚು ಸಲ ಹತ್ತುವುದೂ ಹೆಚ್ಚು ಸಲ ಬೀಳುವುದೂ ಆಗಲೇ. ನಿಯಮಗಳೆಲ್ಲ ಒಂದು ದಿನಕ್ಕೆ, ಅಪಾಯ ಒಂದು ತಿಂಗಳಿಗೂ ಹೆಚ್ಚು.

ಮಕ್ಕಳೇ ಯಾಕೆ ಎಂಬ ಪ್ರಶ್ನೆಗೆ ಪಥಕದವರ ಉತ್ತರ ಸರಳ: ತುದಿಗೆ ತೂಕ ಆಗುವುದಿಲ್ಲ. ಮಾತು ನಿಜ. ಆದ್ದರಿಂದಲೇ ಎತ್ತರ ಹೆಚ್ಚಿದಷ್ಟೂ ತುದಿಯ ಮಗು ಚಿಕ್ಕದಾಗಬೇಕು. ಎತ್ತರದ ಮಿತಿ, ವಯಸ್ಸಿನ ಮಿತಿ ಎಂದು ನಾವು ಎರಡು ಮಿತಿಗಳ ಮಾತಾಡುತ್ತಿದ್ದೇವೆ, ಆದರೆ ಅವು ಎರಡಲ್ಲ. ಒಂಬತ್ತು ಥರಕ್ಕೆ ಬಹುಮಾನ ಇಟ್ಟವನು ಮಗುವನ್ನು ಹತ್ತಿಸಿ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಾಲ್ಕು, ಐದು ಥರದಲ್ಲಿ ನಿಲ್ಲುವ ಗೋಪುರಕ್ಕೆ ಹಗುರ ಮೈಕಟ್ಟಿನ ಪ್ರಾಯದ ಹುಡುಗನೇ ಸಾಕು.

ಕಡಿಮೆ ಎತ್ತರದಲ್ಲೂ ಎಷ್ಟು ಸೊಗಸಿದೆ ಎಂಬುದಕ್ಕೆ ಹೆಣ್ಣುಮಕ್ಕಳ ಪಥಕಗಳನ್ನು ನೋಡಬೇಕು. ಮುಂಬೈಯಲ್ಲಿ ಈಗ ಅಂಥ ಪಥಕಗಳು ಹಲವಾರಿವೆ, ಆರು ಥರದವರೆಗೂ ಕಟ್ಟುತ್ತಾರೆ. ಮನೆಯಲ್ಲಿ ಒಪ್ಪಿಸಿ, ಕಾಲೇಜು, ಕೆಲಸ ಮುಗಿಸಿ ರಾತ್ರಿ ತಾಲೀಮಿಗೆ ಬರುವುದೇ ಅವರ ಪಾಲಿಗೆ ಮೊದಲ ಥರ. ನಯನ್ ಫೌಂಡೇಶನ್ನಿನ ಅಂಧರ ಪಥಕವೂ ಇದೆ. ಅವರಿಗೆ ಗೋಪುರ ಕಾಣುವುದಿಲ್ಲ. ಹೆಗಲ ಮೇಲಿನ ಪಾದ, ತೋಳಿನ ಬಿಗಿ, ಪ್ರಶಿಕ್ಷಕನ ದನಿ, ಇಷ್ಟರಿಂದಲೇ ಕಟ್ಟಿ, ಇಷ್ಟರಿಂದಲೇ ಇಳಿಯುತ್ತಾರೆ. ಮೂರು, ನಾಲ್ಕು ಥರ ಅಷ್ಟೆ. ಈ ಆಟದಲ್ಲಿ ಮೆಚ್ಚಬೇಕಾದದ್ದು ಏನು ಎಂದು ಕೇಳಿದರೆ ನಾನು ಆ ಪಥಕವನ್ನು ತೋರಿಸುತ್ತೇನೆ.

ನಮ್ಮ ಕಡೆಗೂ ಒಂದು ನೋಟ ಹರಿಸಬೇಕು. ಉಡುಪಿಯಲ್ಲಿ ಜನ್ಮಾಷ್ಟಮಿಯ ಮರುದಿನ ವಿಟ್ಲಪಿಂಡಿ. ಅಲ್ಲಿಯ ಮಠಗಳು ಸೌರಮಾನ ಪಂಚಾಂಗ ಅನುಸರಿಸುವುದರಿಂದ ಕೆಲವು ವರ್ಷ ಮುಂಬೈಯ ಹಂಡಿ ಒಡೆದು ತಿಂಗಳಾದ ಮೇಲೆ ಉಡುಪಿಯ ಕುಡಿಕೆ ಒಡೆಯುವುದೂ ಉಂಟು. ರಥಬೀದಿಯ ಸುತ್ತ ಮರದ ಗುರ್ಜಿಗಳನ್ನು ನಿಲ್ಲಿಸಿ ಮೊಸರು ಕುಡಿಕೆಗಳನ್ನು ತೂಗಿಬಿಡುತ್ತಾರೆ. ಕೃಷ್ಣನ ಮಣ್ಣಿನ ಮೂರ್ತಿಯ ರಥ ಸಾಗಿದಂತೆ ಗೊಲ್ಲರ ವೇಷದವರು ಕೋಲಿನಿಂದ ಒಂದೊಂದೇ ಕುಡಿಕೆ ಒಡೆಯುತ್ತ ಹೋಗುತ್ತಾರೆ. ಲಡ್ಡು, ಚಕ್ಕುಲಿ ಪ್ರಸಾದ, ಸುತ್ತ ಹುಲಿವೇಷಗಳ ಅಬ್ಬರ, ಕೊನೆಗೆ ಮೂರ್ತಿಗೆ ಮಧ್ವ ಸರೋವರದಲ್ಲಿ ಜಲಸ್ತಂಭನ. ಕುಡಿಕೆ ಒಡೆಯಲು ಹೆಗಲೇ ಬೇಕೆಂದಿಲ್ಲ, ಕೋಲೂ ಸಾಕು ಎಂಬುದಕ್ಕೆ ಈ ಬೀದಿ ಸಾಕ್ಷಿ.

ಆದರೆ ಕರಾವಳಿಗೂ ಮುಂಬೈಗೂ ನಂಟು ಹಳೆಯದು. ಹೋಟೆಲು ಕೆಲಸಕ್ಕೆ ಹೋದ ತಲೆಮಾರುಗಳು ಅಲ್ಲಿಗೆ ಇಡ್ಲಿ, ಯಕ್ಷಗಾನ ಒಯ್ದವು, ಬರುವಾಗ ಅಲ್ಲಿಯ ಹಬ್ಬಗಳ ರೀತಿ ತಂದವು. ಮಂಗಳೂರಿನ ಅತ್ತಾವರ, ಕದ್ರಿಯ ಮೊಸರು ಕುಡಿಕೆ ಉತ್ಸವಗಳಲ್ಲಿ ಹುಡುಗರು ಹೆಗಲೇರಿ ಕುಡಿಕೆ ಒಡೆಯುವುದು ಈಗ ಸಾಮಾನ್ಯ ದೃಶ್ಯ. ಇತ್ತೀಚಿನ ವರ್ಷಗಳಲ್ಲಿ ಮುಂಬೈಯ ಗೋವಿಂದ ತಂಡವೇ ಉಡುಪಿಗೆ ಬಂದು ಬೀದಿಬೀದಿಯಲ್ಲಿ ಗೋಪುರ ಕಟ್ಟಿ ಹೋಗುತ್ತದೆ. ಜನ ಮುಗಿಬಿದ್ದು ನೋಡುತ್ತಾರೆ, ನೋಡುವಂತೆಯೇ ಇದೆ. ನಮ್ಮಲ್ಲಿ ಎತ್ತರ ಇನ್ನೂ ಹದ್ದುಮೀರಿಲ್ಲ. ಬಹುಮಾನದ ಮೊತ್ತ, ಪ್ರಾಯೋಜಕರ ಫಲಕ, ಶಾಸಕರ ಭಾವಚಿತ್ರ ಮಾತ್ರ ಒಂದೊಂದಾಗಿ ಬರತೊಡಗಿವೆ. ಮುಂಬೈಯಲ್ಲೂ ಶುರುವಾದದ್ದು ಹಾಗೆಯೇ.

ಹಾಗಾಗಿ ಕುಡಿಕೆ ಕಟ್ಟುವ ಸಮಿತಿಗಳಲ್ಲಿ ಒಂದು ಕೋರಿಕೆ, ಮುಂಬೈ, ಠಾಣೆಯವರಿಗೂ ಮಂಗಳೂರು, ಉಡುಪಿಯವರಿಗೂ. ಬಹುಮಾನವನ್ನು ಎರಡು ಪಾಲು ಮಾಡಿ. ಕುಡಿಕೆ ಮುಟ್ಟಿದ್ದಕ್ಕೆ ಸಣ್ಣ ಪಾಲು, ಕೊನೆಯವನವರೆಗೂ ಬೀಳದೆ ಇಳಿದದ್ದಕ್ಕೆ ದೊಡ್ಡ ಪಾಲು. ಹಗ್ಗವನ್ನು ಐದು ಥರಕ್ಕಿಂತ ಮೇಲೆ ಕಟ್ಟಬೇಡಿ. ಡಿಜೆಗೆ ಕೊಡುವ ದುಡ್ಡಿನಲ್ಲಿ ಒಂದಂಶ ಮ್ಯಾಟ್‌ಗೆ ಕೊಡಿ, ಆ ಮ್ಯಾಟು ಹಬ್ಬದ ದಿನ ಬರುವ ಬದಲು ತಾಲೀಮಿನ ಮೊದಲ ರಾತ್ರಿಯೇ ಬರಲಿ. ಇದಕ್ಕೆ ನ್ಯಾಯಾಲಯದ ಆದೇಶ ಬೇಕಾಗಿಲ್ಲ, ಸರ್ಕಾರದ ಸುತ್ತೋಲೆಯೂ ಬೇಡ. ಫಲಕ ಬರೆಸುವವರು ಈ ವರ್ಷವೇ ಮಾಡಬಹುದು.